ನಕ್ಷೆಯಲ್ಲಿ ಇಲ್ಲದ ಓಣಿ

ನಾವು ಓಕಳಿಪುರಂನವರು. ಹಿಂದೆ ರೈಲು, ಮುಂದೆ ಮೋರಿ, ನಡುವೆ ನಮ್ಮ ಕೇರಿ. ನಮ್ಮ ವಂಶದಲ್ಲಿ ಡಿಗ್ರಿ ಕಂಡವರು ನಾವೇ ಮೊದಲು. ಆ ಡಿಗ್ರಿಗೆ ಸಿಕ್ಕಿದ್ದು ಒಂದು ಡಿಸೈನ್ ಅಂಗಡಿಯ ಕೆಲಸ. ಕಲ್ಯಾಣಮಂಟಪ, ಲೇಔಟು, ಆಸ್ಪತ್ರೆ, ಎಲ್ಲಕ್ಕೂ ದಾರಿ ತೋರಿಸುವ ನಕ್ಷೆ ಬೇಕು. ಅದನ್ನು ಮಾಡಿಕೊಡುವುದು ನಮ್ಮ ಪಾಲಿಗೆ ಬಂತು.

ಇದಕ್ಕೆ ವೆಕ್ಟರ್ ನಕ್ಷೆ ಅಂತಾರೆ. ಒಂದೊಂದು ರಸ್ತೆಯೂ ಒಂದೊಂದು ಗೆರೆ. ಗೆರೆ ಎಲ್ಲಿ ಹುಟ್ಟಿತು, ಎಲ್ಲಿ ತಿರುಗಿತು, ಎಲ್ಲಿ ಮುಗಿಯಿತು ಎಂಬ ಲೆಕ್ಕ ಅದರೊಳಗಿರುತ್ತದೆ. ಅದಕ್ಕೇ ಎಷ್ಟು ಹಿಗ್ಗಿಸಿದರೂ ಫೋಟೋದ ಹಾಗೆ ಮಸುಕಾಗುವುದಿಲ್ಲ. ರಸ್ತೆ ಒಂದು ಪದರ, ನೀರು ಒಂದು ಪದರ, ಕಟ್ಟಡ ಒಂದು, ಹೆಸರು ಒಂದು. ಬೇಕಾದ್ದಕ್ಕೆ ಬಣ್ಣ ಬಳಿ, ಬೇಡದ್ದನ್ನು ಅಳಿಸು.

ಒಂದು ದಿನ ಮಾಲೀಕರು ಲಂಡನ್, ಪ್ಯಾರಿಸ್ ನಕ್ಷೆಗಳನ್ನು ತೋರಿಸಿದರು. ಥೇಮ್ಸ್, ಸೇನ್ ನದಿಗಳು ಊರ ನಡುವೆ ನೀಲಿಯಾಗಿ ಬಳುಕಿದ್ದವು. "ಬೆಂಗಳೂರಿಗೆ ನದೀನೇ ಇಲ್ವಲ್ಲಪ್ಪ, ನಕ್ಷೆಗೆ ಕಳೆ ಬರಲ್ಲ" ಅಂದರು. ನಾವು "ಐತೆ ಸಾರ್, ವೃಷಭಾವತಿ" ಅಂದೆವು. "ಆ ಮೋರಿನಾ?" ಅಂತ ನಕ್ಕರು.

ಹೌದು, ಮೋರಿಯೇ. ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಕೈಮುಗಿಯುವವರೂ ಇದ್ದಾರೆ. ಮಲ್ಲೇಶ್ವರದ ಕಡೆಯ ನೀರೂ ಇಳಿದು ಇದನ್ನೇ ಸೇರುತ್ತದೆ. ಬಸವನಗುಡಿ, ಮಲ್ಲೇಶ್ವರಗಳಿಗೆ 1890ರ ದಶಕದಲ್ಲಿ ನೇರ ರಸ್ತೆ, ಅಡ್ಡ ರಸ್ತೆ, ಜಾತಿವಾರು ಬ್ಲಾಕು ಎಲ್ಲವನ್ನೂ ಮೊದಲೇ ಕಾಗದದ ಮೇಲೆ ಬರೆದರು. 1898ರಲ್ಲಿ ಪ್ಲೇಗು ಬಂದಾಗ ಉಳ್ಳವರು ಅಲ್ಲಿಗೆ ಹೋದರು. ಅಲ್ಲಿ ನಕ್ಷೆ ಮೊದಲು, ಮನೆ ಆಮೇಲೆ. ನಮ್ಮಲ್ಲಿ ಮನೆ ಮೊದಲು, ನಕ್ಷೆ ಇನ್ನೂ ಬರಬೇಕು. ಮೇಲಿನವರ ಬಚ್ಚಲ ನೀರು ನಮ್ಮ ಪಕ್ಕದಲ್ಲಿ ಹಾದು, ಮೈಸೂರು ರಸ್ತೆ ಹಿಡಿದು, ಕೆಂಗೇರಿ ದಾಟಿ, ಬೈರಮಂಗಲದ ಕೆರೆಗೆ ಬಿದ್ದು, ಅರ್ಕಾವತಿ ಕೂಡಿ, ಸಂಗಮದಲ್ಲಿ ಕಾವೇರಿ ಮುಟ್ಟುತ್ತದೆ. ಬೆಂಗಳೂರು 1974ರಿಂದ ಕಾವೇರಿ ಕುಡಿಯುತ್ತಿದೆ. ಆದರೆ ಅದನ್ನು ಎತ್ತುವುದು ಸಂಗಮಕ್ಕೂ ಮೇಲೆ, ಈ ಕೊಳೆ ಸೇರುವ ಮೊದಲು. ನೀರಿನಲ್ಲೂ ಮೇಲು-ಕೀಳು ಹೀಗೆ ನಡೆಯುತ್ತದೆ.

ನಮ್ಮಪ್ಪನಿಗೆ ಈ ಊರಿನ ನಕ್ಷೆ ಅಡಿಯಿಂದ ಗೊತ್ತು. ಯಾವ ಸರ್ಕಲ್ಲಿನ ಮ್ಯಾನ್‌ಹೋಲು ಎಷ್ಟಾಳು ಆಳ, ಯಾವುದರಲ್ಲಿ ಗ್ಯಾಸು ಕಟ್ಟುತ್ತದೆ, ಮಳೆ ಹುಯ್ದರೆ ಯಾವುದು ಮೊದಲು ಉಕ್ಕುತ್ತದೆ, ಎಲ್ಲ ಬಾಯಿಪಾಠ. ಮಲ ಹೊರಿಸಬಾರದೆಂದು 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೊಂದು ಬಂತು. ಗುಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ 30 ಲಕ್ಷ ಅಂತು. ಅಪ್ಪ ಇಳಿದದ್ದೆಲ್ಲ ಕಾನೂನು ಬಂದ ಮೇಲೆಯೇ. ಕುಡಿಯದೆ ಇಳಿಯೋಕೆ ಆಗ್ತಿರಲಿಲ್ಲ. ಆ ದುಡ್ಡಲ್ಲೇ ನಾವು ಫೀಜು ಕಟ್ಟಿದ್ದು. ನಮ್ಮ ಅಂಗಡಿಯ ನಕ್ಷೆಯಲ್ಲಿ ಮ್ಯಾನ್‌ಹೋಲಿಗೆ ಪದರವೇ ಇಲ್ಲ.

ಅವತ್ತೇ ಮಾಲೀಕರು "ಈ ಸಣ್ಣಪುಟ್ಟ ಗೆರೆ ತೆಗೀರಿ, ಗಲೀಜು ಕಾಣ್ತದೆ" ಅಂದರು. ನೋಡಿದರೆ ಅದರಲ್ಲಿ ನಮ್ಮ ಕೇರಿಯದು ಒಂದೇ ಗೆರೆ. ಉಳಿದ ಓಣಿಗಳು ಮೊದಲೇ ಇರಲಿಲ್ಲ. ಇದ್ದ ಒಂದನ್ನು ನಾವೇ ಕೈಯಾರೆ ಅಳಿಸಿದೆವು. ಸಂಬಳ ಬರುವ ವಾರ ಅದು. ರಾತ್ರಿ ಅಪ್ಪನ ಪಕ್ಕ ಕೂತು ಉಣ್ಣೋಕಾಗಲಿಲ್ಲ.

ಆಮೇಲೆ ತಿಳಿಯಿತು, ಅಂಗಡಿಗೆ ಮೂಲ ಗೆರೆಗಳು ಬರುವುದು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯಿಂದ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು. ಯಾರು ಬೇಕಾದರೂ ಅದರಲ್ಲಿ ಬರೆಯಬಹುದು. ನಮ್ಮ ಓಣಿಗಳನ್ನು ಯಾರೂ ಬರೆದಿರಲಿಲ್ಲ, ಅಷ್ಟೆ. ಭಾನುವಾರ ಕೇರಿಯ ಹುಡುಗರೆಲ್ಲ ಮೊಬೈಲು ಹಿಡಿದು ಹೊರಟೆವು. ಹಿರಿಯರೊಬ್ಬರು ತಡೆದರು: "ಬ್ಯಾಡ್ರಲಾ, ನಕ್ಸೆಗೆ ಬಂದ್ರೆ ಬುಲ್ಡೋಜರೂ ಬತ್ತದೆ." ಆ ಭಯ ಸುಳ್ಳಲ್ಲ. 2013ರ ಜನವರಿಯಲ್ಲಿ ಈಜಿಪುರದ ಬಡವರ ಮನೆಗಳನ್ನು ಕೆಡವಿ ಬೀದಿಗೆ ಹಾಕಿದ್ದನ್ನು ಈ ಊರು ಕಂಡಿದೆ. ಅಪ್ಪ ಅಂದ: "ಕೆಡವೋರತ್ರ ನಕ್ಸೆ ಯಾವಾಗ್ಲೂ ಐತೆ ಬುಡಣ್ಣ. ನಮ್ಮತ್ರಾನೂ ಒಂದಿರ್ಲಿ."

ಅಪ್ಪ ಮುಂದೆ, ನಾವು ಹಿಂದೆ. ಹದಿನಾಲ್ಕು ಓಣಿ, ಮೂರು ನಲ್ಲಿ, ಒಂದು ಕಕ್ಕಸು, ಒಂಬತ್ತು ಮ್ಯಾನ್‌ಹೋಲು. ಎಲ್ಲ ಬರೆದೆವು. ಮುಂದಿನ ಸಲ ಅಂಗಡಿ ಹೊಸ ಗೆರೆ ತರಿಸಿಕೊಂಡಾಗ ಇವೂ ಬರುತ್ತವೆ. ಮತ್ತೆ ಅಳಿಸು ಅಂದರೆ? ಈ ಸಲ ಹೇಳಿದವರ ಕೈಗೇ ಮೌಸು ಕೊಡುತ್ತೇವೆ.

ಪಕ್ಕದ ಶ್ರೀರಾಮಪುರದಲ್ಲಿ ಬೆಳೆದ ಸಿದ್ದಲಿಂಗಯ್ಯನವರು ತಮ್ಮ ಆತ್ಮಕಥೆಗೆ 'ಊರುಕೇರಿ' ಅಂತ ಹೆಸರಿಟ್ಟರು. ಊರು ಬೇರೆ, ಕೇರಿ ಬೇರೆ ಎಂಬುದೇ ಈ ನಾಡಿನ ಹಳೇ ನಕ್ಷೆ. ಗೆಳೆಯರೇ, ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಊರಿನ ಕೇರಿ ನಕ್ಷೆಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ಮಕ್ಕಳ ಕೈಲಿ ಬರೆಸಿ. ಯಾವ ಬಾವಿಗೆ ಯಾರು ಇಳಿಯುವಂತಿಲ್ಲ ಅನ್ನುವುದನ್ನೂ ಬರೆಸಿ.

ಸಂಜೆ ಮೊಬೈಲಿನಲ್ಲಿ ಅವ್ವನಿಗೆ ತೋರಿಸಿದೆವು. ಅವ್ವ ನಲ್ಲಿಯ ಚುಕ್ಕಿ ಹುಡುಕಿ ಬೆರಳಿಟ್ಟು ಅಂದಳು: "ದಿನ ಬಿಟ್ಟು ದಿನ ಬತ್ತದೆ ಅಂತ್ಲೂ ಬರೀರಿ."