ಕ್ವಾಯ್ ನದಿಯ ದಂಡೆಯಲ್ಲಿ

ಬ್ಯಾಂಕಾಕ್‌ಗೆ ಹೊರಡುವ ಹಿಂದಿನ ರಾತ್ರಿ ಉಮ್ಮ ಫೋನ್ ಮಾಡಿದ್ದರು. ಮಕ್ಕಳ ಬಟ್ಟೆಬರೆ, ಔಷಧಿ, ದಾರಿಗೆ ಕಟ್ಟಿಕೊಂಡ ತಿಂಡಿ ಎಲ್ಲವನ್ನೂ ವಿಚಾರಿಸಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ರೈಲಿನ ಊರಿಗೂ ಹೋಗ್ತೀರಾ?" ಎಂದು ಕೇಳಿದರು. ಹೌದೆಂದೆ. "ಹಾಗಾದರೆ ಅಲ್ಲಿ ನಿಂತು ಅಜ್ಜಿಯ ಅಣ್ಣನಿಗೆ ಒಂದು ದುಆ ಮಾಡು ಮಗಳೇ" ಎಂದರು.

ಅಜ್ಜಿಯ ಅಣ್ಣನನ್ನು ನಮ್ಮಲ್ಲಿ ಯಾರೂ ಕಂಡವರಲ್ಲ. ಇಪ್ಪತ್ತು ದಾಟಿದ ವಯಸ್ಸಿನಲ್ಲಿ ಮದ್ರಾಸಿನಿಂದ ಹಡಗು ಹತ್ತಿ ಮಲಯಾಕ್ಕೆ ಹೋದವರು. ಪೆನಾಂಗ್‌ನ ಅಂಗಡಿಯೊಂದರಲ್ಲಿ ಕೆಲಸ. 1941ರ ಕೊನೆಯಲ್ಲಿ ಬಂದ ಕಾಗದವೇ ಅವರ ಕೊನೆಯ ಕಾಗದ. ಯುದ್ಧ ಮುಗಿದ ಮೇಲೆ ಅಲ್ಲಿಂದ ಮರಳಿದ ಒಬ್ಬರು, "ಜಪಾನಿನವರು ರೈಲಿನ ಕೆಲಸಕ್ಕೆ ಹಿಡಿದುಕೊಂಡು ಹೋದರಂತೆ" ಎಂದು ಹೇಳಿದರಂತೆ. ಅಜ್ಜಿ ಸಾಯುವವರೆಗೂ ಆ 'ಅಂತೆ'ಯನ್ನೇ ನಂಬಿ ಕಾದರು. ಆ ರೈಲಿನ ಊರೇ ಥಾಯ್ಲೆಂಡಿನ ಕಾಂಚನಬುರಿ.

ಬಂಗಾರದ ಊರು

ಹೆಸರು ಕೇಳಿದರೆ ನಮ್ಮದೇ ಊರೇನೋ ಅನಿಸುತ್ತದೆ. ಕಾಂಚನಪುರಿ, ಅಂದರೆ ಬಂಗಾರದ ಊರು. ಥಾಯ್ ಭಾಷೆಯಲ್ಲಿ ಇಂತಹ ಸಂಸ್ಕೃತ ಮೂಲದ ಪದಗಳು ಬಹಳ. ಬ್ಯಾಂಕಾಕ್‌ನಿಂದ ಪಶ್ಚಿಮಕ್ಕೆ ಸುಮಾರು 130 ಕಿಲೋಮೀಟರ್ ದೂರ. ಅಲ್ಲಿಂದ ಮುಂದೆ ಬೆಟ್ಟಗಳು, ಅವುಗಳ ಆಚೆ ಬರ್ಮಾ.

ಬಸ್ಸು, ವ್ಯಾನು ಬೇಕಾದಷ್ಟಿವೆ. ಆದರೂ ನಾವು ರೈಲನ್ನೇ ಆರಿಸಿಕೊಂಡೆವು. ಚಾವೊ ಫ್ರಾಯ ನದಿಯ ಪಶ್ಚಿಮ ದಂಡೆಯಲ್ಲಿರುವ ತೊನ್‌ಬುರಿ ನಿಲ್ದಾಣದಿಂದ ಬೆಳಗ್ಗೆ ಹೊರಡುವ ಈ ರೈಲಿನಲ್ಲಿ ಎ.ಸಿ. ಇಲ್ಲ. ತೆರೆದ ಕಿಟಕಿ, ತಲೆಯ ಮೇಲೆ ತಿರುಗುವ ಫ್ಯಾನು. ನಮ್ಮೂರಿನ ಪ್ಯಾಸೆಂಜರ್ ರೈಲಿನಂತೆಯೇ ಹಣ್ಣು, ಅನ್ನ, ತಂಪು ಪಾನೀಯ ಮಾರುವವರು ಬರುತ್ತಲೇ ಇರುತ್ತಾರೆ. ಹೊರಗೆ ಗದ್ದೆ, ತೆಂಗು, ಬಾಳೆ. ಕರಾವಳಿಯವರಿಗೆ ಪರದೇಶವೆನಿಸುವುದೇ ಇಲ್ಲ. ಸುಮಾರು ಮೂರು ಗಂಟೆಯಲ್ಲಿ ಕಾಂಚನಬುರಿ ತಲುಪಿದೆವು.

ಹಳಿ ಹಾಕಿದ್ದು ಏಕೆ?

1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನಿನ ಕೈಗೆ ಬಿತ್ತು. ಮರು ತಿಂಗಳು ರಂಗೂನ್ ಬಿತ್ತು. ಬರ್ಮಾದಲ್ಲಿದ್ದ ಸೈನ್ಯಕ್ಕೆ ಅನ್ನ, ಮದ್ದುಗುಂಡು ಸಾಗಿಸಲು ಹಡಗುಗಳು ಮಲಾಕ್ಕಾ ಜಲಸಂಧಿಯನ್ನು ಸುತ್ತಿ ಬರಬೇಕಿತ್ತು. ದಾರಿಯಲ್ಲಿ ಅವು ಮುಳುಗುವ ಭಯ. ಹಾಗಾಗಿ ಥಾಯ್ಲೆಂಡಿನ ಬಾನ್ ಪೊಂಗ್‌ನಿಂದ ಬರ್ಮಾದ ತನ್‌ಬ್ಯೂಝಯತ್‌ವರೆಗೆ 415 ಕಿಲೋಮೀಟರ್ ರೈಲು ಮಾರ್ಗ ಹಾಕಲು ಜಪಾನಿನ ಸೈನ್ಯ ನಿರ್ಧರಿಸಿತು. ನಡುವೆ ದಟ್ಟ ಕಾಡು, ಸುಣ್ಣಕಲ್ಲಿನ ಬೆಟ್ಟ, ಮಲೇರಿಯಾ.

1942ರ ಮಧ್ಯದಲ್ಲಿ ಆರಂಭವಾದ ಕೆಲಸ 1943ರ ಅಕ್ಟೋಬರ್ 17ರಂದು ಎರಡೂ ಕಡೆಯ ಹಳಿಗಳು ಕೂಡಿದಾಗ ಮುಗಿಯಿತು. ದೊಡ್ಡ ಯಂತ್ರಗಳಿರಲಿಲ್ಲ. ಇದ್ದದ್ದು ಮನುಷ್ಯರ ಕೈಗಳು. ಬ್ರಿಟನ್, ಆಸ್ಟ್ರೇಲಿಯಾ, ಹಾಲೆಂಡ್, ಅಮೆರಿಕಾದ ಅರುವತ್ತು ಸಾವಿರಕ್ಕೂ ಹೆಚ್ಚು ಯುದ್ಧ ಕೈದಿಗಳು. ಅವರ ಜೊತೆಗೆ ಮಲಯಾ, ಬರ್ಮಾ, ಜಾವಾಗಳಿಂದ ತಂದ ಸುಮಾರು ಎರಡು ಲಕ್ಷ ಕೂಲಿಯವರು. ಕೈದಿಗಳಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಕೂಲಿಯವರಲ್ಲಿ ಸತ್ತವರು 80,000ದಿಂದ ಒಂದು ಲಕ್ಷ ಎಂಬುದು ಅಂದಾಜು. ಇದಕ್ಕೆ 'ಸಾವಿನ ರೈಲು' ಎಂಬ ಹೆಸರು ಬಂದದ್ದು ಹೀಗೆ. 1944ರಲ್ಲಿ ನಮ್ಮ ಇಂಫಾಲ, ಕೊಹಿಮಾದ ಮೇಲೆ ದಾಳಿ ಮಾಡಿದ ಸೈನ್ಯಕ್ಕೆ ಸಾಮಗ್ರಿ ಹೋದದ್ದೂ ಇದೇ ಹಳಿಗಳ ಮೇಲಿಂದ.

ಸೇತುವೆಯ ಮೇಲೆ

ಸೇತುವೆ ಊರಿನ ಅಂಚಿನಲ್ಲಿದೆ. ಕಪ್ಪು ಬಣ್ಣದ ಕಬ್ಬಿಣದ ಸೇತುವೆ, ಮುನ್ನೂರು ಮೀಟರಿಗೂ ಉದ್ದ. ಇದರ ಕಬ್ಬಿಣದ ಭಾಗಗಳನ್ನು ಜಪಾನಿನವರು ಜಾವಾದಿಂದ ಬಿಚ್ಚಿ ತಂದದ್ದು. ಯುದ್ಧದ ಕೊನೆಯಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ಬಾಂಬು ಹಾಕಿ ಇದನ್ನು ಮುರಿದವು. ಗಮನಿಸಿ ನೋಡಿದರೆ ಕಮಾನಿನ ಆಕಾರದ ಭಾಗಗಳ ನಡುವೆ ನೇರ ಅಂಚಿನ ಎರಡು ಭಾಗಗಳು ಕಾಣುತ್ತವೆ. ಅವು ಯುದ್ಧಾನಂತರ ಜೋಡಿಸಿದವು.

1957ರಲ್ಲಿ ಬಂದ 'ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್' ಎಂಬ ಇಂಗ್ಲಿಷ್ ಸಿನಿಮಾದಿಂದ ಈ ಸೇತುವೆ ಜಗತ್ತಿಗೆಲ್ಲ ಪರಿಚಯವಾಯಿತು. ಆದರೆ ಆ ಸಿನಿಮಾ ತೆಗೆದದ್ದು ಶ್ರೀಲಂಕಾದಲ್ಲಿ! ಅದಕ್ಕಿಂತಲೂ ಸ್ವಾರಸ್ಯವೆಂದರೆ, ಸೇತುವೆಯ ಕೆಳಗಿನ ನದಿಗೆ ಆಗ ಆ ಹೆಸರೇ ಇರಲಿಲ್ಲ. ಇದು ಮೇ ಕ್ಲೊಂಗ್ ನದಿ. ಕ್ವಾಯ್ ಎಲ್ಲಿ ಎಂದು ಪ್ರವಾಸಿಗಳು ಹುಡುಕಿ ಬರತೊಡಗಿದಾಗ, 1960ರಲ್ಲಿ ನದಿಯ ಈ ಭಾಗಕ್ಕೆ 'ಖ್ವೆ ಯಾಯ್' ಎಂದು ಹೆಸರು ಬದಲಿಸಲಾಯಿತು. 'ಖ್ವೆ' ಎಂದರೆ ಉಪನದಿ. ನಾವೆಲ್ಲ ಹೇಳುವಂತೆ 'ಕ್ವಾಯ್' ಎಂದರೆ ಥಾಯ್ ಜನರಿಗೆ ಕೇಳಿಸುವುದು 'ಎಮ್ಮೆ' ಎಂದು. ಇದನ್ನು ಕೇಳಿ ಮಗ ಇಡೀ ದಿನ ನಕ್ಕ.

ಸೇತುವೆಯ ಮೇಲೆ ಯಾರು ಬೇಕಾದರೂ ನಡೆದು ಹೋಗಬಹುದು. ರೈಲು ಬಂದರೆ ಪಕ್ಕದಲ್ಲಿರುವ ಚಿಕ್ಕ ಕಟಕಟೆಗಳಿಗೆ ಸರಿದು ನಿಲ್ಲಬೇಕು. ಕೆಳಗೆ ಹಸಿರು ನೀರು, ದೂರಕ್ಕೆ ನೀಲಿ ಬೆಟ್ಟಗಳು, ದಂಡೆಯಲ್ಲಿ ತೇಲುವ ಹೋಟೆಲುಗಳು. ಜನ ಫೋಟೋ ತೆಗೆಯುತ್ತಿದ್ದರು. ನಾವೂ ತೆಗೆದೆವು. ಇಷ್ಟು ಚಂದದ ಜಾಗದಲ್ಲಿ ಇಷ್ಟು ಸಾವು ಸಂಭವಿಸಿತೇ ಎಂದು ನಂಬಲಾಗಲಿಲ್ಲ.

ಹನ್ನೊಂದು ಹೆಸರುಗಳು

ರೈಲು ನಿಲ್ದಾಣದ ಹತ್ತಿರವೇ ಯುದ್ಧ ಸಮಾಧಿ ಸ್ಥಳವಿದೆ. ಸುಮಾರು ಏಳು ಸಾವಿರ ಕೈದಿಗಳ ಸಮಾಧಿಗಳು, ಕತ್ತರಿಸಿದ ಹುಲ್ಲಿನ ನಡುವೆ ಸಾಲು ಸಾಲಾಗಿ. ಪ್ರತಿಯೊಂದರ ಮೇಲೂ ಕಂಚಿನ ಫಲಕ. ಹೆಸರು, ದಳ, ವಯಸ್ಸು. ಕೆಳಗೆ ಮನೆಯವರು ಬರೆಸಿದ ಒಂದೆರಡು ಮಾತು. ತಾಯಿಯೋ ಹೆಂಡತಿಯೋ ಬರೆಸಿದ್ದೆಂದು ಓದಿದ ಕೂಡಲೇ ತಿಳಿಯುತ್ತದೆ. ಇಪ್ಪತ್ತೆರಡು, ಇಪ್ಪತ್ತನಾಲ್ಕು, ಮೂವತ್ತು. ವಯಸ್ಸುಗಳನ್ನು ಓದುತ್ತಾ ಹೋದ ಮಗಳು ಮೂರನೇ ಸಾಲಿಗೆ ಬರುವಾಗ ಮೌನವಾದಳು. 1943ರಲ್ಲಿ ಕಾಲರಾ ಹಬ್ಬಿದಾಗ ಸುಡಲಾದ 300 ಮಂದಿಯ ಬೂದಿಯೂ ಇಲ್ಲಿ ಎರಡು ಸಮಾಧಿಗಳಲ್ಲಿದೆ.

ಪ್ರವೇಶದ ಕಟ್ಟಡದಲ್ಲಿ ಒಂದು ಫಲಕವಿದೆ. ಹೆಚ್ಚಿನವರು ನೋಡದೆ ದಾಟಿ ಹೋಗುತ್ತಾರೆ. ಅದರಲ್ಲಿ ಅವಿಭಜಿತ ಭಾರತದ ಸೈನ್ಯದ ಹನ್ನೊಂದು ಮಂದಿಯ ಹೆಸರುಗಳಿವೆ. ಇವರನ್ನು ಥಾಯ್ಲೆಂಡಿನ ಮುಸ್ಲಿಮ್ ಖಬರಸ್ತಾನಗಳಲ್ಲಿ ದಫನ ಮಾಡಲಾಗಿತ್ತು. ಆ ಖಬರುಗಳನ್ನು ಉಳಿಸಿಕೊಂಡು ಬರಲು ಸಾಧ್ಯವಾಗದ ಕಾರಣ ಅವರ ಹೆಸರುಗಳನ್ನು ಇಲ್ಲಿ ಕೆತ್ತಿಸಿದ್ದಾರೆ. ಅವರ ಊರು ಯಾವುದೋ, ಯಾವ ಮನೆಯಲ್ಲಿ ಯಾರು ಕಾದರೋ. ನಾನು ಹನ್ನೊಂದನ್ನೂ ಬಾಯಿಬಿಟ್ಟು ಓದಿದೆ. ನನಗೆ ಬೇಕಾದ ಹೆಸರು ಅಲ್ಲಿರುವುದಿಲ್ಲವೆಂದು ತಿಳಿದಿತ್ತು. ಅವರು ಸೈನಿಕರಾಗಿರಲಿಲ್ಲವಲ್ಲ.

ಹೆಸರಿಲ್ಲದವರು

ಪಕ್ಕದಲ್ಲೇ 2003ರಲ್ಲಿ ಆರಂಭವಾದ ಥಾಯ್ಲೆಂಡ್–ಬರ್ಮಾ ರೈಲ್ವೆ ಸೆಂಟರ್ ಎಂಬ ವಸ್ತು ಸಂಗ್ರಹಾಲಯವಿದೆ. ಇಲ್ಲಿಗೆ ಬಂದವರು ಇದನ್ನು ನೋಡದೆ ಹೋಗಬಾರದು. ಸತ್ತ ಕೈದಿಗಳ ಲೆಕ್ಕ ಇಲ್ಲಿ ಹೆಸರು ಸಹಿತ ಇದೆ. ಕೂಲಿಯವರದ್ದು ಇರುವುದು ಅಂದಾಜು ಮಾತ್ರ.

ಯಾಕೆ ಹೀಗಾಯಿತು? ಕೈದಿಗಳು ಸೈನಿಕರು. ಅವರಲ್ಲಿ ಅಧಿಕಾರಿಗಳಿದ್ದರು, ಡಾಕ್ಟರರಿದ್ದರು. ನೀರು ಕುದಿಸದೆ ಕುಡಿಯಬಾರದು, ಪಾಯಿಖಾನೆ ದೂರ ತೋಡಬೇಕು ಎಂಬ ಶಿಸ್ತಿತ್ತು. ಸತ್ತವರ ಹೆಸರು ಬರೆದಿಡುವವರಿದ್ದರು. ಕೂಲಿಯವರಿಗೆ ಇದೊಂದೂ ಇರಲಿಲ್ಲ. ಮಲಯಾದ ರಬ್ಬರ್ ತೋಟಗಳ ತಮಿಳರು, ಮಲಯ ಹಳ್ಳಿಗರು, ಜಾವಾದ ರೈತರು. ಒಳ್ಳೆಯ ಸಂಬಳ, ಊಟದ ಆಸೆ ತೋರಿಸಿ ಮೊದಲು ಕರೆತಂದರು. ಜನ ಸಾಲದಾದಾಗ ಬಲವಂತವಾಗಿ ಹಿಡಿದರು. ಉಚಿತ ಸಿನಿಮಾ ಎಂದು ಕರೆದು, ಬಾಗಿಲು ಹಾಕಿ ರೈಲಿಗೆ ತುಂಬಿಸಿದ ಘಟನೆಗಳೂ ನಡೆದವು. ಕೆಲವರ ಜೊತೆ ಹೆಂಡತಿ ಮಕ್ಕಳೂ ಬಂದಿದ್ದರು. ಕಾಲರಾ ಬಂದಾಗ ಅವರ ಶಿಬಿರಗಳಲ್ಲಿ ಹೂಳುವವರೂ ಉಳಿಯಲಿಲ್ಲ. ಅತ್ತ ತೋಟಗಳಲ್ಲಿ ಉಳಿದ ಹೆಂಗಸರು ಸಂಬಳವೂ ಇಲ್ಲದೆ, ಗಂಡ ಸತ್ತನೋ ಬದುಕಿರುವನೋ ತಿಳಿಯದೆ ಮಕ್ಕಳನ್ನು ಸಾಕಬೇಕಾಯಿತು.

1990ರಲ್ಲಿ ಈ ಊರಿನ ಹೊಲವೊಂದರಲ್ಲಿ ಅಗೆಯುವಾಗ ನೂರಾರು ಮಂದಿಯ ಎಲುಬುಗಳು ಸಿಕ್ಕವು. ಸೇತುವೆಯ ಸಮೀಪ, 1944ರಲ್ಲಿ ಜಪಾನಿನ ಸೈನ್ಯವೇ ಸತ್ತವರಿಗಾಗಿ ಕಟ್ಟಿಸಿದ ಸ್ಮಾರಕವಿದೆ. ಅದರಲ್ಲಿ ತಮಿಳು ಮತ್ತು ಮಲಯ ಭಾಷೆಯ ಬರಹಗಳೂ ಇವೆ. ಆದರೆ ಒಂದೇ ಒಂದು ಹೆಸರಿಲ್ಲ. 2023ರಲ್ಲಿ ಇಲ್ಲಿನ ಬೌದ್ಧ ವಿಹಾರವೊಂದರಲ್ಲಿ ತಮಿಳು ಕಾರ್ಮಿಕರ ನೆನಪಿಗೆ ಒಂದು ಕಲ್ಲು ನಿಲ್ಲಿಸಿದರು. ನಮ್ಮ ಊರುಗಳ ವೀರಗಲ್ಲಿನ ಹಾಗೆ. ಎಂಬತ್ತು ವರ್ಷ ಬೇಕಾಯಿತು.

ಒಬ್ಬ ವ್ಯಾಪಾರಿ

ಹಳೆಯ ಪೇಟೆಯಾದ ಪಾಕ್ ಫ್ರೇಕ್ ಬೀದಿಯಲ್ಲಿ ಸಂಜೆ ನಡೆದಾಡುವಾಗ ಮನಸ್ಸು ಸ್ವಲ್ಪ ಹಗುರವಾಯಿತು. ಬೂನ್‌ಪೊಂಗ್ ಎಂಬ ವ್ಯಾಪಾರಿಯ ಅಂಗಡಿ ಇದ್ದದ್ದು ಇಲ್ಲಿ. ಕೈದಿಗಳ ಶಿಬಿರಗಳಿಗೆ ತರಕಾರಿ, ದಿನಸಿ ಪೂರೈಸುವ ಗುತ್ತಿಗೆ ಇವರದ್ದಾಗಿತ್ತು. ಬುಟ್ಟಿಗಳ ಅಡಿಯಲ್ಲಿ ಕ್ವಿನೈನ್, ಔಷಧಿ, ರೇಡಿಯೋಗೆ ಬೇಕಾದ ಬ್ಯಾಟರಿ, ಹಣ ಬಚ್ಚಿಟ್ಟು ಒಳಗೆ ಸಾಗಿಸುತ್ತಿದ್ದರು. ಸಿಕ್ಕಿಬಿದ್ದಿದ್ದರೆ ಇಡೀ ಮನೆಗೆ ಸಾವು ಖಚಿತ. ಇವರ ಔಷಧಿಯಿಂದ ಬದುಕಿದವರು ಎಷ್ಟೋ. ಯುದ್ಧದ ನಂತರ ಬ್ರಿಟನ್ ಮತ್ತು ಹಾಲೆಂಡ್ ಸರಕಾರಗಳು ಇವರನ್ನು ಗೌರವಿಸಿದವು. ಶಿಬಿರದಲ್ಲಿ ಸಾವಿರಾರು ಮಂದಿಯನ್ನು ನೋಡಿಕೊಂಡ ಆಸ್ಟ್ರೇಲಿಯಾದ ಡಾಕ್ಟರ್ ಡನ್‌ಲಪ್ ಮತ್ತು ಇವರ ಹೆಸರಿನಲ್ಲಿ ಥಾಯ್ ಶಸ್ತ್ರವೈದ್ಯರಿಗೆ ವಿದ್ಯಾರ್ಥಿ ವೇತನವೂ ಇದೆ.

ಬೆಟ್ಟದಂಚಿನ ರೈಲು

ಮರುದಿನ ಉಳಿದಿರುವ ಹಳಿಯ ಮೇಲೆ ಪ್ರಯಾಣ. ಯುದ್ಧದ ನಂತರ ಬರ್ಮಾದ ಕಡೆಯ ಹಳಿಗಳನ್ನು ಕಿತ್ತರು, ಕಾಡು ಅದನ್ನು ನುಂಗಿತು. ನಾಮ್ ತೊಕ್ ಎಂಬಲ್ಲಿವರೆಗಿನ ಭಾಗವನ್ನು ದುರಸ್ತಿ ಮಾಡಿ 1958ರಲ್ಲಿ ತೆರೆದರು. ಎರಡು ಗಂಟೆಯ ದಾರಿ. ಕಬ್ಬು, ಮರಗೆಣಸಿನ ಹೊಲಗಳು ದಾಟಿದ ಮೇಲೆ ಥಾಮ್ ಕ್ರಾಸೆ ಬರುತ್ತದೆ. ಒಂದು ಕಡೆ ಮುಟ್ಟುವಷ್ಟು ಹತ್ತಿರ ಬಂಡೆ, ಇನ್ನೊಂದು ಕಡೆ ಕೆಳಗೆ ನದಿ. ನಡುವೆ ಮರದ ಕಂಬಗಳ ಮೇಲೆ ರೈಲು ಆಮೆಯಂತೆ ತೆವಳುತ್ತದೆ. ಹೋಗುವಾಗ ಎಡಗಡೆಯ ಕಿಟಕಿಯಲ್ಲಿ ಕುಳಿತರೆ ನದಿ ಚೆನ್ನಾಗಿ ಕಾಣುತ್ತದೆ. ಮಕ್ಕಳ ಕೈ ಮಾತ್ರ ಬಿಡಬೇಡಿ.

ನಾಮ್ ತೊಕ್‌ನಿಂದ ವಾಹನ ಮಾಡಿಕೊಂಡು ಹೆಲ್‌ಫೈರ್ ಪಾಸ್‌ಗೆ ಹೋದೆವು. ಅಂದರೆ ನರಕದ ಬೆಂಕಿಯ ಕಣಿವೆ. ಸುತ್ತಿಗೆ, ಉಳಿಗಳಿಂದ ಬೆಟ್ಟವನ್ನೇ ಸೀಳಿದ ಜಾಗ. 1943ರಲ್ಲಿ ಬೇಗ ಮುಗಿಸಬೇಕೆಂದು ರಾತ್ರಿಯೂ ದುಡಿಸಿದಾಗ, ಬಿದಿರಿನ ಬೆಂಕಿ, ಎಣ್ಣೆ ದೀಪಗಳ ಬೆಳಕಿನಲ್ಲಿ ಎಲುಬು ಕಾಣುವ ಮನುಷ್ಯರು ನರಕದಂತೆ ಕಂಡರಂತೆ. ಬಂಡೆಯಲ್ಲಿ ಮುರಿದು ಸಿಕ್ಕಿಕೊಂಡ ಉಳಿಯ ತುಂಡು ಇಂದಿಗೂ ಹಾಗೆಯೇ ಇದೆ. ಆಸ್ಟ್ರೇಲಿಯಾ ಸರಕಾರ 1998ರಲ್ಲಿ ಇಲ್ಲೊಂದು ಸಂಗ್ರಹಾಲಯ ತೆರೆಯಿತು. ಪ್ರವೇಶಕ್ಕೆ ಹಣವಿಲ್ಲ. ಮೆಟ್ಟಿಲುಗಳು ಬಹಳ, ಮೊಣಕಾಲು ನೋವಿನವರು ಎಚ್ಚರ.

ಕಣಿವೆಯಲ್ಲಿ ಬಿದಿರು ಅಲುಗುವ ಸದ್ದು ಬಿಟ್ಟರೆ ಬೇರೇನಿಲ್ಲ. ನಾನು ಕೈಯೆತ್ತಿದ್ದು ಅಲ್ಲಿ. ಉಮ್ಮ ಹೇಳಿದ ಒಬ್ಬರಿಗೆಂದು ಆರಂಭಿಸಿದ ದುಆದಲ್ಲಿ ಅಲ್ಲಿ ಸತ್ತವರೆಲ್ಲರೂ ಸೇರಿಕೊಂಡರು.

ಏಳು ಹಂತದ ನೀರು

ಮೂರನೆಯ ದಿನ ಮಕ್ಕಳ ದಿನ. ಊರಿನಿಂದ ಒಂದೂವರೆ ಗಂಟೆ ದೂರದ ಎರವಾನ್ ಜಲಪಾತ. ಐರಾವತವೇ ಇಲ್ಲಿ ಎರವಾನ್. 1975ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡಿನ ನಡುವೆ ನೀರು ಏಳು ಹಂತಗಳಲ್ಲಿ ಇಳಿಯುತ್ತದೆ. ನೀರಿನಲ್ಲಿ ಕರಗಿದ ಸುಣ್ಣದಿಂದಾಗಿ ಅದರ ಬಣ್ಣ ತಿಳಿ ನೀಲಿ. ಕಾಲಿಟ್ಟರೆ ಮೀನುಗಳು ಬಂದು ಕಚ್ಚಿ ಕಚಗುಳಿ ಇಡುತ್ತವೆ. ಮಗನ ಕಿರುಚಾಟಕ್ಕೆ ಕಾಡೇ ನಗುವಂತಿತ್ತು. ಎರಡನೆಯ ಹಂತದಿಂದ ಮೇಲೆ ತಿಂಡಿ ಒಯ್ಯುವಂತಿಲ್ಲ. ನೀರಿನ ಬಾಟಲಿಗೂ ಠೇವಣಿ ಕಟ್ಟಬೇಕು. ಬಾಟಲಿ ಮರಳಿ ತಂದರೆ ಹಣ ವಾಪಸು. ನಮ್ಮ ಜಲಪಾತಗಳಲ್ಲೂ ಇದು ಬಂದರೆ ಎಷ್ಟು ಒಳ್ಳೆಯದು! ನಾನು ಐದನೆಯ ಹಂತದಲ್ಲಿ ಕುಳಿತೆ, ಮಗಳು ಅಪ್ಪನ ಜೊತೆ ಏಳನ್ನೂ ಹತ್ತಿ ಬಂದಳು.

ಹೋಗುವವರಿಗೆ ಎರಡು ಮಾತು. ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಹಿತ. ಏಪ್ರಿಲಿನಲ್ಲಿ ಬಿಸಿಲು ತಡೆಯಲಾಗದು. ಅಂಗಡಿಗಳ ಬಿಸ್ಕತ್ತು, ಬ್ರೆಡ್ಡಿನ ಪೊಟ್ಟಣಗಳ ಮೇಲೆ ಹಲಾಲ್ ಗುರುತು ಹುಡುಕಿದರೆ ಸಿಗುತ್ತದೆ. ಹಣ್ಣಿಗಂತೂ ಬರವಿಲ್ಲ. ನಮಾಝಿಗೆ ಚಿಕ್ಕ ಮುಸಲ್ಲಾ ಜೊತೆಗಿರಲಿ.

ಅಂದು ರಾತ್ರಿ ಉಮ್ಮನಿಗೆ ಫೋನ್ ಮಾಡಿದೆ. "ಹೆಸರು ಇತ್ತಾ?" ಎಂದರು. "ಇಲ್ಲ ಉಮ್ಮ, ಅಲ್ಲಿ ಕೂಲಿಯವರ ಹೆಸರು ಯಾರೂ ಬರೆದಿಟ್ಟಿಲ್ಲ" ಎಂದೆ. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಾಹನಿಗೆ ಗೊತ್ತಿದೆಯಲ್ಲ" ಎಂದರು.

ಮನೆಗೆ ಬಂದ ಮೇಲೆ ಮಗಳು ಅಜ್ಜಿಯ ಬಳಿ ಕುಳಿತು ಕೇಳಿ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಳು. ಅವರ ಹೆಸರು, ತಂದೆಯ ಹೆಸರು, ಊರು, ಹೊರಟ ವರ್ಷ. ಒಂದು ಪುಟವೂ ತುಂಬಲಿಲ್ಲ. ಆದರೂ ಅಷ್ಟಾದರೂ ಆಯಿತು. ರಂಗೂನಿಗೆ, ಮಲಯಾಕ್ಕೆ, ಸಿಂಗಾಪುರಕ್ಕೆ ಹೋಗಿ ಮರಳದವರು ನಿಮ್ಮ ಮನೆಯಲ್ಲೂ ಇರಬಹುದು. ಹಿರಿಯರು ಇರುವಾಗಲೇ ಕೇಳಿ, ಬರೆದಿಡಿ.