ನೀರಗಂಟಿ

ದ್ವಿತೀಯ ಪಿಯುಸಿಯ ಭೌತಶಾಸ್ತ್ರದ ತರಗತಿಯಲ್ಲಿ ಇಡೀ ವರ್ಷಕ್ಕೆ ನಾನು ಕೇಳಿದ್ದು ಒಂದೇ ಪ್ರಶ್ನೆ. ಟ್ರಾನ್ಸಿಸ್ಟರಿನ ಒಂದು ಕಡೆಯಿಂದ ಸಣ್ಣ ಸಂಕೇತ ಒಳಹೋಗಿ ಇನ್ನೊಂದು ಕಡೆಯಿಂದ ದೊಡ್ಡದಾಗಿ ಹೊರಬರುವುದಾದರೆ, ಆ ಹೆಚ್ಚುವರಿ ಬಂದದ್ದೆಲ್ಲಿಂದ? ಶಕ್ತಿಯನ್ನು ಸೃಷ್ಟಿಸಲಾಗದು ಎಂದು ಹಿಂದಿನ ವರ್ಷವಷ್ಟೇ ಬಾಯಿಪಾಠ ಮಾಡಿಸಿದ್ದರು. ಅಧ್ಯಾಪಕರು ನನ್ನನ್ನೊಮ್ಮೆ ನೋಡಿ, "ಅದಕ್ಕೇ ಆಂಪ್ಲಿಫಿಕೇಷನ್ ಅನ್ನೋದು, ಬರ್ಕೊ" ಎಂದರು. ತರಗತಿಯೆಲ್ಲ ನಕ್ಕಿತು. ಹೇಗೋ ಪಾಸಾದೆ. ಆಮೇಲೆ ವಿಜ್ಞಾನದ ಹಂಗೇ ಬೇಡವೆಂದು ಬಿ.ಎ., ಇಂಗ್ಲಿಷ್ ಎಂ.ಎ., ಕೊನೆಗೆ ಕೇಂದ್ರ ಸರ್ಕಾರದ ನೌಕರಿ, ಮುಂಬಯಿ.

ಕೇಳಿದವನು ರೇಡಿಯೋ ರಿಪೇರಿಯವರ ಮಗ ಎಂಬುದು ಆ ನಗೆಯನ್ನು ಇಮ್ಮಡಿಸಿತ್ತು. ಶಿಕಾರಿಪುರದ ಕಡೆಯ ನಮ್ಮೂರಿನ ಪೇಟೆಯಲ್ಲಿ ಅಪ್ಪನದೊಂದು ಇಕ್ಕಟ್ಟಾದ ಅಂಗಡಿಯಿತ್ತು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು ಅವರು. ಸದ್ದಿಲ್ಲದ ಟ್ರಾನ್ಸಿಸ್ಟರ್ ಸೆಟ್ಟು ಬಂದರೆ ಮೊದಲು ತೋರುಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡು ವಾಲ್ಯೂಮ್ ಕಂಟ್ರೋಲಿನ ನಡುವಣ ಕಾಲಿಗೆ ತಾಗಿಸುತ್ತಿದ್ದರು. ಸ್ಪೀಕರು ಗುಂಯ್ ಎಂದರೆ ಅಲ್ಲಿಂದ ಮುಂದೆ ಎಲ್ಲ ಸರಿ, ಕೆಟ್ಟಿರುವುದು ಹಿಂದೆಲ್ಲೋ ಎಂದು ಅರ್ಥ.

ಆ ಸಂಜೆ ಅಪ್ಪನಿಗೂ ಅದೇ ಪ್ರಶ್ನೆ ಹಾಕಿದೆ. ಅವರು ಕೆಲಸದಿಂದ ತಲೆಯೆತ್ತದೆ, "ಕೆರೆ ತೂಬಿದ್ದಂಗೆ ಅದು ತಮ್ಮಾ. ನೀರಗಂಟಿ ಒಂದ್ ಕೈಯಾಗೆ ಸರಳು ಎತ್ತುತಾನೆ, ಇಡೀ ಗದ್ದೆ ಬೈಲಿಗೆ ನೀರು ಹೋಗ್ತದೆ. ಆ ನೀರೇನು ಅವನ ಕೈಯಿಂದ ಬಂತಾ? ಕೆರೆಯಾಗೆ ಇದ್ದದ್ದು" ಎಂದರು. ನಾನು, "ಪರೀಕ್ಷೆಯಲ್ಲಿ ಕೆರೆ, ತೂಬು ಅಂತ ಬರೆದರೆ ಮಾರ್ಕ್ಸ್ ಕೊಡೋದಿಲ್ಲ" ಎಂದೆ. ಅವರು ಮತ್ತೆ ಮಾತಾಡಲಿಲ್ಲ. ಆ ಮೇಲೆ ತಮ್ಮ ಕಸುಬಿನ ಬಗ್ಗೆ ನನಗೆ ಏನನ್ನೂ ಹೇಳಿಕೊಡಲೂ ಇಲ್ಲ.

ನನಗೆ ನಲವತ್ತೆರಡಾಗಿದ್ದಾಗ ಮಾಟುಂಗಾದ ಕಿಂಗ್ಸ್ ಸರ್ಕಲ್ಲಿನ ಪಾದಚಾರಿ ದಾರಿಯ ಹಳೆಯ ಪುಸ್ತಕಗಳ ರಾಶಿಯಲ್ಲಿ 'ಎಲೆಕ್ಟ್ರಾನಿಕ್ಸ್ ಫಾರ್ ಯು' ಪತ್ರಿಕೆಯ ಹಳೆಯ ಸಂಚಿಕೆಗಳ ಒಂದು ಕಟ್ಟು ಸಿಕ್ಕಿತು. 1969ರಲ್ಲಿ ಆರಂಭವಾಗಿ ದಿಲ್ಲಿಯಿಂದ ಹೊರಡುತ್ತಿರುವ ಪತ್ರಿಕೆಯದು. ಅಂಗಡಿಯ ಬೆಂಚಿನ ಕೆಳಗೆ ಇದರದೇ ಕೆಲವು ಸಂಚಿಕೆಗಳಿದ್ದವು. ಅಪ್ಪನಿಗೆ ಇಂಗ್ಲಿಷ್ ಬಾರದು, ಚಿತ್ರಗಳನ್ನಷ್ಟೇ ಓದುತ್ತಿದ್ದರು. ನಾನು ಓದಿ ಹೇಳಬಹುದಿತ್ತು. ಒಮ್ಮೆಯೂ ಹೇಳಲಿಲ್ಲ. ಕೊಳ್ಳುವಾಗ ಕಲಿಯುವ ಉದ್ದೇಶವೇನೂ ಇರಲಿಲ್ಲ. ಆ ಕಾಗದದ ವಾಸನೆಗೆ ದುಡ್ಡು ಕೊಟ್ಟೆನೆಂದರೆ ತಪ್ಪಾಗದು.

ಆದರೂ ಓದತೊಡಗಿದೆ. ಸಾಹಿತ್ಯದ ವಿದ್ಯಾರ್ಥಿಗೆ ಮೊದಲು ಕಣ್ಣಿಗೆ ಬಿದ್ದದ್ದು ಈ ಶಾಸ್ತ್ರದ ಭಾಷೆಯೆಲ್ಲ ಅಲಂಕಾರಮಯ ಎಂಬುದು. ಜಾರ್ಜ್ ಓಮ್ 1827ರಲ್ಲಿ ತನ್ನ ನಿಯಮವನ್ನು ಮಂಡಿಸಿದಾಗ ಅವನ ಮುಂದಿದ್ದದ್ದು ಫೂರಿಯೇ ಬರೆದಿದ್ದ ಶಾಖಪ್ರಸರಣದ ಸಿದ್ಧಾಂತ. ವಿದ್ಯುತ್ತು ಕಾಣದು, ಶಾಖ ಹರಿಯುವ ಬಗೆ ಗೊತ್ತು. ಇದು ಅದರಂತೆ ಎಂದುಕೊಂಡು ಹೊರಟ. ನಾವು ಕನ್ನಡಿಗರು 'ವಿದ್ಯುತ್ ಪ್ರವಾಹ' ಎನ್ನುತ್ತೇವೆ, ಅದೇ ಪ್ರವಾಹ ಮಳೆಗಾಲದಲ್ಲಿ ಊರನ್ನು ಮುಳುಗಿಸುವಂಥದ್ದೂ ಹೌದು. ಪುಸ್ತಕಗಳಲ್ಲಿ ವೋಲ್ಟೇಜು ಎಂದರೆ ತೊಟ್ಟಿಯ ಎತ್ತರ, ರೆಸಿಸ್ಟರು ಎಂದರೆ ಕಿರಿದಾದ ಕೊಳವೆ, ಡಯೋಡು ಎಂದರೆ ಒಂದೇ ಕಡೆಗೆ ತೆರೆಯುವ ಕವಾಟ. ಶಾಲೆಯಲ್ಲಿ ಉಪಮಾಲಂಕಾರ ಕಲಿಸುವಾಗ ಉಪಮೇಯ, ಉಪಮಾನ, ಸಮಾನ ಧರ್ಮ ಎಂದು ಬಿಡಿಸಿ ಬರೆಸುತ್ತಿದ್ದರಲ್ಲ, ಅಲ್ಲಿ ಯಾರೂ ಅಸಮಾನ ಧರ್ಮವನ್ನು ಕೇಳುತ್ತಿರಲಿಲ್ಲ. ಇಲ್ಲಿ ಮಾತ್ರ ಕೇಳದೆ ವಿಧಿಯಿಲ್ಲ. ಕೊಳವೆ ಕತ್ತರಿಸಿದರೆ ನೀರು ನೆಲಕ್ಕೆ ಸುರಿಯುತ್ತದೆ. ತಂತಿ ಕತ್ತರಿಸಿದರೆ ಏನೂ ಸುರಿಯದು, ಹರಿವೇ ನಿಲ್ಲುತ್ತದೆ.

ಇದನ್ನು ನಾನು ಬೆರಳು ಸುಟ್ಟುಕೊಂಡೇ ಕಲಿತೆ. ಟ್ರಾನ್ಸಿಸ್ಟರೆಂದರೆ ಬೆನ್ನಿಗೆ ಬೆನ್ನು ಹಚ್ಚಿದ ಎರಡು ಡಯೋಡುಗಳು ಎಂಬಂಥ ಚಿತ್ರ ಪಠ್ಯಪುಸ್ತಕಗಳಲ್ಲಿ ಸಾಮಾನ್ಯ. ಹಾಗಿದ್ದರೆ ಟ್ರಾನ್ಸಿಸ್ಟರನ್ನೇಕೆ ಕೊಳ್ಳಬೇಕೆಂದು ಒಂದು ಭಾನುವಾರ ಲ್ಯಾಮಿಂಗ್ಟನ್ ರಸ್ತೆಯಿಂದ ತಂದ ಎರಡು ಡಯೋಡುಗಳನ್ನು ಹಾಗೆಯೇ ಬೆಸೆದೆ. ಮೂರು ಕಾಲುಗಳೇನೋ ಬಂದವು, ಗುಣ ಮಾತ್ರ ಬರಲಿಲ್ಲ. ಹೆಂಡತಿ ಅಡುಗೆಮನೆಯಿಂದ ಇಣುಕಿ, ಏನು ಸುಡುತ್ತಿದ್ದೀರಿ ಎಂದು ಕೇಳಿದಳು. ಉಪಮೆಯನ್ನು ಎಂದೆ. ಟ್ರಾನ್ಸಿಸ್ಟರಿನ ನಡುವಣ ಪದರ ಅತಿ ತೆಳುವಾಗಿರಬೇಕು. ಎಮಿಟರಿನಿಂದ ಹೊರಟ ಎಲೆಕ್ಟ್ರಾನುಗಳಲ್ಲಿ ಬಹುಪಾಲು ಅಲ್ಲಿ ನಿಲ್ಲದೆ ಆಚೆಯ ಕಲೆಕ್ಟರಿಗೆ ದಾಟಿಬಿಡಬೇಕು. ಗುಟ್ಟೆಲ್ಲ ಆ ತೆಳುವಿನಲ್ಲಿದೆ. ಬಿಡಿ ಡಯೋಡುಗಳ ನಡುವೆ ಅಂಥ ಪದರವಿಲ್ಲ, ಬರೀ ತಂತಿ.

ಇದಾದ ಮೇಲೆಯೇ ನಾನು ಪಾಲ್ ಹೊರೊವಿಟ್ಸ್ ಮತ್ತು ವಿನ್‌ಫೀಲ್ಡ್ ಹಿಲ್ ಅವರ 'ದಿ ಆರ್ಟ್ ಆಫ್ ಎಲೆಕ್ಟ್ರಾನಿಕ್ಸ್' ಪುಸ್ತಕವನ್ನು ಕೈಗೆತ್ತಿಕೊಂಡದ್ದು. ಹಾರ್ವರ್ಡ್ ವಿಶ್ವವಿದ್ಯಾಲಯದ ಪಾಠಗಳಿಂದ ಬೆಳೆದು 1980ರಲ್ಲಿ ಮೊದಲು ಅಚ್ಚಾದ ಗ್ರಂಥ. ಅದರ ಎರಡನೆಯ ಅಧ್ಯಾಯದಲ್ಲೊಂದು ವ್ಯಂಗ್ಯಚಿತ್ರವಿದೆ. ಟ್ರಾನ್ಸಿಸ್ಟರಿನೊಳಗೆ ಒಬ್ಬ ಪುಟ್ಟ ಮನುಷ್ಯ. ಬೇಸಿನಲ್ಲಿ ಎಷ್ಟು ಕರೆಂಟು ಬರುತ್ತಿದೆ ಎಂಬುದರ ಮೇಲೆ ಕಣ್ಣಿಟ್ಟುಕೊಂಡು, ಅದಕ್ಕೆ ತಕ್ಕಂತೆ ದೊಡ್ಡ ಹರಿವಿನ ದಾರಿಯಲ್ಲಿರುವ ರೆಸಿಸ್ಟರನ್ನು ತಿರುಗಿಸುವುದಷ್ಟೇ ಅವನ ಕೆಲಸ. ದೊಡ್ಡ ಹರಿವು ಅವನದಲ್ಲ, ಬ್ಯಾಟರಿಯದು.

ಬಹಳ ಹೊತ್ತು ಆ ಪುಟವನ್ನೇ ನೋಡುತ್ತ ಕುಳಿತೆ. ಅವನು ನೀರಗಂಟಿ. ತಲೆಗೆ ರುಮಾಲಿಲ್ಲ ಅಷ್ಟೆ.

ಅಪ್ಪನ ಉಪಮೆ ನಾನು ತಿಳಿದದ್ದಕ್ಕಿಂತ ದೂರ ನಡೆಯುತ್ತದೆ. ಬಯಾಸಿಂಗ್ ಎಂಬ ಅಧ್ಯಾಯ ನನಗೆ ಕಬ್ಬಿಣದ ಕಡಲೆಯಾಗಿತ್ತು. ಸಂಕೇತವೇ ಇಲ್ಲದಾಗಲೂ ಟ್ರಾನ್ಸಿಸ್ಟರಿನಲ್ಲಿ ಒಂದಿಷ್ಟು ಕರೆಂಟು ಏಕೆ ಹರಿಯುತ್ತಿರಬೇಕು? ತೂಬು ಪೂರ್ತಿ ಮುಚ್ಚಿದ್ದರೆ ನೀರನ್ನು ಹೆಚ್ಚಿಸಬಹುದು, ತಗ್ಗಿಸಲಾಗದು. ಧ್ವನಿಯ ಅಲೆಗೆ ಏರೂ ಇದೆ ಇಳಿತವೂ ಇದೆ. ಆದ್ದರಿಂದ ಸರಳನ್ನು ಅರ್ಧ ಎತ್ತಿಟ್ಟೇ ಕಾಯಬೇಕು. ಇಲ್ಲವಾದರೆ ಅಲೆಯ ಅರ್ಧ ಭಾಗ ಕತ್ತರಿಸಿಹೋಗಿ ಹಾಡು ಗೊಗ್ಗರಾಗುತ್ತದೆ. ಅದೇ ಅಧ್ಯಾಯದಲ್ಲಿ ಮುಂದೆ ಗ್ರಂಥಕರ್ತರು ತಮ್ಮ ಪುಟ್ಟ ಮನುಷ್ಯನನ್ನು ಬದಿಗೆ ಸರಿಸಿ, ಬೇಸು ಮತ್ತು ಎಮಿಟರಿನ ನಡುವಣ ವೋಲ್ಟೇಜಿನಿಂದಲೇ ಲೆಕ್ಕ ಹಿಡಿಯುವುದು ಹೆಚ್ಚು ಸರಿ ಎಂದು ತೋರಿಸುತ್ತಾರೆ. ಹಾಗೆ ಸರಿಸಬೇಕಾದರೂ ಅವನು ಮೊದಲು ಅಲ್ಲಿರಬೇಕಲ್ಲ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ನಾನೇ ಕಟ್ಟಿದ ಪುಟ್ಟ ಆಂಪ್ಲಿಫೈಯರನ್ನು ಒಯ್ದಿದ್ದೆ. ಎಲ್‌ಎಂ386 ಎಂಬ ಎಂಟು ಕಾಲಿನ ಐಸಿ. ಅದರ ಒಂದನೆಯ ಮತ್ತು ಎಂಟನೆಯ ಕಾಲುಗಳ ನಡುವೆ ಹತ್ತು ಮೈಕ್ರೋಫ್ಯಾರಡ್ ಕೆಪಾಸಿಟರು ಹಾಕಿದರೆ ಸಂಕೇತ ಇನ್ನೂರು ಪಟ್ಟಾಗುತ್ತದೆ. ಅಪ್ಪನಿಗೆ ಈಗ ಎಪ್ಪತ್ತೆಂಟು, ಕಿವಿ ಮಂದ. ರೇಡಿಯೋ ಜೋರಾಗಿ ಹಾಕಿದರೆ ಮನೆಯವರಿಗೆಲ್ಲ ಕಿರಿಕಿರಿ, ಹಾಕದಿದ್ದರೆ ಅವರಿಗೆ ಬೇಸರ. ಹೆಡ್‌ಫೋನು ಹಚ್ಚಿಕೊಂಡು ಕೇಳಲೆಂದು ನನ್ನ ಯೋಜನೆ. ಜಗಲಿಯಲ್ಲಿ ಕೂಡಿಸಿ, ಹೆಡ್‌ಫೋನು ಹಾಕಿ, ಸ್ವಿಚ್ಚು ಒತ್ತಿದೆ. ಅವರು ತಲೆಯಲ್ಲಾಡಿಸಿದರು. ಏನೂ ಕೇಳುತ್ತಿಲ್ಲ.

ಮುಂಬಯಿಯಲ್ಲಿ ಚೆನ್ನಾಗಿಯೇ ಇತ್ತು ಎಂದು ಗೊಣಗುತ್ತ ಬ್ಯಾಟರಿ ಕಳಚಿ ಮತ್ತೆ ಹಾಕಿದೆ. "ನೀನು ಅವತ್ತು ಹೇಳಿದ್ದಿಯಲ್ಲಪ್ಪ, ತೂಬು..." ಎಂದು ಶುರುಮಾಡಿದೆ. ಅವರ ಕಿವಿಗೆ ಅದು ಬೀಳಲಿಲ್ಲ. ಡಬ್ಬಿಯನ್ನು ಕೈಗೆತ್ತಿಕೊಂಡು ಮುಚ್ಚಳ ತೆಗೆದು, ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ತೋರುಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡು ವಾಲ್ಯೂಮ್ ಕಂಟ್ರೋಲಿನ ನಡುವಣ ಕಾಲಿಗೆ ತಾಗಿಸಿದರು. ಹೆಡ್‌ಫೋನಿನ ಗುಂಯ್ ಸದ್ದು ನನಗೂ ಕೇಳಿಸಿತು.

"ಇಲ್ಲಿಂದ ಮುಂದೆ ಸರಿ ಐತೆ" ಎಂದರು. "ಹಿಂದೆಲ್ಲೋ ತಂತಿ ಬಿಟ್ಟೈತೆ ನೋಡು ತಮ್ಮಾ. ಐರನ್ನು ಅಟ್ಟದ ಮ್ಯಾಲೆ ಐತೆ."

ನಾನು ಏಣಿ ಹತ್ತಿದೆ.