ಮಣ್ಣಾದದ್ದು ಯಾರ ಮೀಸೆ?

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಕಟ್ಟಿದವರು ಯಾರೋ ತಿಳಿಯದು. ಯಾರೇ ಇರಲಿ, ಅವರು ಹೆಣ್ಣುಮಕ್ಕಳ ಕುಸ್ತಿಯನ್ನು ನೋಡಿರಲಾರರು. ನೋಡಿದ್ದರೆ, ಮೀಸೆಯೇ ಇಲ್ಲದ ಜಟ್ಟಿ ಬಿದ್ದಾಗ ಮಣ್ಣಾಗುವುದು ಯಾರ ಮೀಸೆ ಎಂದು ಒಂದು ಗಳಿಗೆ ಯೋಚಿಸುತ್ತಿದ್ದರು. ನಾಲ್ಕೈದು ವರ್ಷಗಳಿಂದ ಮಗಳ ಹಿಂದೆ ಕುಸ್ತಿಯ ಕಣಗಳನ್ನು ಸುತ್ತುತ್ತಿರುವ ನನಗೆ ಇದರ ಉತ್ತರ ಸ್ವಲ್ಪಮಟ್ಟಿಗೆ ಗೊತ್ತಾಗಿದೆ. ಬೀಳುವವರು ಮಕ್ಕಳು, ಮೀಸೆ ಸುತ್ತ ನಿಂತ ದೊಡ್ಡವರದು. ಅದು ಗಂಡಸರಿಗಷ್ಟೇ ಇರುತ್ತದೆಂದು ತಿಳಿಯಬೇಡಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂಗುವ ತಾಯಂದಿರಿಗೂ ಇರುತ್ತದೆ!

ನಮ್ಮ ಮನೆಗೆ ಕುಸ್ತಿ ಹೊಸದಲ್ಲ. ಮಾವನವರ ತಂದೆ ಸುತ್ತಮುತ್ತಲ ಜಾತ್ರೆಗಳಲ್ಲಿ ಹೆಸರು ಮಾಡಿದ ಪೈಲ್ವಾನರಾಗಿದ್ದರಂತೆ. ಹೆಗಲ ಮೇಲೆ ಗದೆ ಹೊತ್ತ ಅವರ ಫೋಟೋ ಇವತ್ತಿಗೂ ಪಡಸಾಲೆಯಲ್ಲಿದೆ. ಆದರೆ ಆ ಗದೆ ಗಂಡು ಮೊಮ್ಮಕ್ಕಳನ್ನೆಲ್ಲ ದಾಟಿ ಮರಿಮಗಳ ಕಡೆಗೆ ಹೊರಳೀತೆಂದು ಯಾರೂ ಎಣಿಸಿರಲಿಲ್ಲ. ಅವಳು ಐದನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ಪಿ.ಟಿ. ಮಾಸ್ತರರು, "ಹುಡುಗಿ ಹಿಡಿತ ಭಾಳ ಛಲೋ ಐತ್ರಿ" ಎಂದು ಹೇಳಿ ಗರಡಿಗೆ ಹಚ್ಚಿದರು. ನಮ್ಮ ಅತ್ತೆಯವರು ಎರಡು ದಿನ ಊಟ ಬಿಟ್ಟರು. "ಹೆಣ್ಣ ಹುಡುಗಿ. ನಾಳೆ ಕೈಕಾಲು ಮುರಕೊಂಡ್ರ ಯಾರ ಮಾಡ್ಕೋತಾರ?" ಎಂದರು. ಆಮೇಲೆ ತಾಲೂಕು ಮಟ್ಟದ ಪದಕ ಬಂದ ದಿನ ಅದನ್ನು ತಾವೇ ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿದರು. ಹೆಣ್ಣುಮಕ್ಕಳಿಗೆ ಮನೆಯಲ್ಲಿ ಸಿಗುವ ಒಪ್ಪಿಗೆ ಹೀಗೆಯೇ. ಕಡ ಕೊಟ್ಟ ಪಾತ್ರೆಯ ಹಾಗೆ, ಸಣ್ಣ ನೆಪ ಸಿಕ್ಕರೂ ತಿರುಗಿ ಕೇಳುತ್ತಾರೆ. ಅಂಥ ನೆಪವೊಂದು ನಮಗೆ 2024ರ ಮಳೆಗಾಲದಲ್ಲಿ ಸಿಕ್ಕಿತು.

ಅದನ್ನು ಹೇಳುವ ಮೊದಲು ಮ್ಯಾಟಿನ ಕುಸ್ತಿಯ ಲೆಕ್ಕವನ್ನು ಹೇಳಬೇಕು. ಮಣ್ಣಿನ ಕುಸ್ತಿಯಲ್ಲಿ ನೋಡುವವರಿಗೆ ತಲೆನೋವಿಲ್ಲ. ಬೆನ್ನು ನೆಲಕ್ಕೆ ಹತ್ತಿತೇ, ಚಿತ್. ಮ್ಯಾಟಿನ ಮೇಲೆ ಹಾಗಲ್ಲ, ಅಲ್ಲಿ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಂತೆ ಒಂದೊಂದಕ್ಕೂ ಲೆಕ್ಕವಿದೆ. ಎದುರಾಳಿಯನ್ನು ಕೆಡವಿ ಹಿಂದಿನಿಂದ ಹಿಡಿತಕ್ಕೆ ತಂದುಕೊಂಡರೆ ಎರಡು ಅಂಕ. ಗೆರೆಯಾಚೆ ಕಾಲಿಟ್ಟರೆ ಎದುರಿನವರಿಗೆ ಒಂದು. ಎತ್ತಿ ದೊಡ್ಡದಾಗಿ ಒಗೆದರೆ ನಾಲ್ಕು, ಕೆಲವೊಮ್ಮೆ ಐದು. ಹತ್ತು ಅಂಕಗಳ ಅಂತರವಾದರೆ ಅಲ್ಲಿಗೇ ಮುಗಿಯಿತು. ನನ್ನ ಮಗಳ ವಯಸ್ಸಿನವರಿಗೆ ಎರಡೆರಡು ನಿಮಿಷದ ಎರಡು ಸುತ್ತು, ನಡುವೆ ಅರ್ಧ ನಿಮಿಷದ ವಿರಾಮ. ಕುಕ್ಕರು ನಾಲ್ಕು ಸೀಟಿ ಹೊಡೆಯುವುದರೊಳಗೆ ಒಂದು ವರ್ಷದ ತಾಲೀಮಿನ ತೀರ್ಮಾನವಾಗಿ ಹೋಗುತ್ತದೆ.

ತೀರ್ಮಾನ ಮಾಡುವವರು ಮೂವರು. ಮ್ಯಾಟಿನ ಮೇಲೆ ಸೀಟಿ ಹಿಡಿದು ಓಡಾಡುವ ರೆಫರಿ, ಅಂಚಿನಲ್ಲಿ ಕುಳಿತ ಜಡ್ಜ್, ಮೇಜಿನ ಹಿಂದೆ ಕುಳಿತ ಚೇರ್ಮನ್. ರೆಫರಿಯ ಎಡಗೈಗೆ ಕೆಂಪು ಪಟ್ಟಿ, ಬಲಗೈಗೆ ನೀಲಿ ಪಟ್ಟಿ. ಯಾವ ಕೈ ಮೇಲೆ ಹೋಯಿತೋ ಆ ಬಣ್ಣದವರಿಗೆ ಅಂಕ, ಎಷ್ಟು ಬೆರಳೋ ಅಷ್ಟು. ಮೂವರಲ್ಲಿ ಇಬ್ಬರು ಒಪ್ಪಿದರೆ ಅದೇ ತೀರ್ಪು. ವಿಜಯಿಯ ಕೈ ಎತ್ತಿದ ಮೇಲೆ ಫಲಿತಾಂಶವನ್ನು ಬದಲಿಸುವಂತಿಲ್ಲ ಎಂಬುದು ಜಾಗತಿಕ ಕುಸ್ತಿ ಸಂಸ್ಥೆಯ ನಿಯಮ.

ಆ ದಿನ ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟದ ಅಂತಿಮ ಕುಸ್ತಿ. ಗೆದ್ದವಳು ವಿಭಾಗ ಮಟ್ಟಕ್ಕೆ ಹೋಗಬೇಕು. ನನ್ನ ಮಗಳು ಕೆಂಪು, ಎದುರಿನವಳು ನೀಲಿ. ಇಪ್ಪತ್ತು ಸೆಕೆಂಡು ಉಳಿದಾಗ ನಮ್ಮವಳದು ನಾಲ್ಕು ಅಂಕ, ಅವಳದು ಮೂರು. ಆಗ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ತಳ್ಳಾಡುತ್ತ ಅಂಚಿಗೆ ಬಂದರು. ನೀಲಿಯ ಹುಡುಗಿ ಕಾಲಿಗೆ ಕೈಹಾಕಿದಳು, ಇಬ್ಬರೂ ಒಟ್ಟಿಗೆ ಬಿದ್ದರು. ಅವಳು ಕೆಡವುವ ಮೊದಲೇ ಅವಳ ಹಿಮ್ಮಡಿ ಗೆರೆ ದಾಟಿತ್ತು ಎಂದು ನಮ್ಮ ಕಡೆಯವರೆಲ್ಲ ಕೂಗಿದರು. ಹಾಗಿದ್ದರೆ ಒಂದು ಅಂಕ ನಮ್ಮವಳಿಗೆ. ಇಲ್ಲವಾದರೆ ಎರಡು ಅಂಕ ಅವಳಿಗೆ. ರೆಫರಿ ನೀಲಿ ಪಟ್ಟಿಯ ಕೈ ಎತ್ತಿ ಎರಡು ಬೆರಳು ತೋರಿಸಿದರು. ಜಡ್ಜ್ ಒಪ್ಪಿದರು. ನಾಲ್ಕು–ಐದು. ಗಂಟೆಯಾಯಿತು.

ಆಮೇಲೆ ನಡೆದದ್ದನ್ನು ಮಕ್ಕಳ ಆಟ ನೋಡಲು ಹೋದವರೆಲ್ಲ ಒಂದಲ್ಲ ಒಂದು ಸಲ ನೋಡಿರುತ್ತೀರಿ. ನಮ್ಮ ಮನೆಯವರು ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಗಿರಾಕಿಗಳ ಬೈಗುಳ ತಿಂದು ನಕ್ಕವರು. ಅವರು ಮೂರು ಮೆಟ್ಟಿಲು ಒಂದೇ ಸಲಕ್ಕೆ ಇಳಿದು ಮೇಜಿನ ಕಡೆ ಹೊರಟರು. ಊರಿನ ನಾಲ್ಕು ಮಂದಿ ಅವರ ಹಿಂದೆ. ಯಾರೋ "ಫೋನಿನ್ಯಾಗ ಹಿಡದೀನ್ರೀ, ತೋರಸ್ತೀನಿ" ಎಂದರು. ಆ ಕಡೆಯ ತಾಯಿಯೂ ತನ್ನ ಫೋನನ್ನು ಹಿಡಿದುಕೊಂಡು ಬಂದಳು. ನಮ್ಮ ಫೋನಿನಲ್ಲಿ ಹಿಮ್ಮಡಿ ಹೊರಗೆ ಕಾಣುತ್ತಿತ್ತು. ಆಕೆಯ ಫೋನಿನಲ್ಲಿ ಒಳಗೆ ಕಾಣುತ್ತಿತ್ತು. ಎರಡರಲ್ಲಿಯೂ ಬೇಕಾದ ಗಳಿಗೆಗೆ ಸರಿಯಾಗಿ ರೆಫರಿಯ ಕಾಲು ಅಡ್ಡ ಬಂದಿತ್ತು. ಆಕೆಯ ಕಣ್ಣಲ್ಲಿಯೂ ನೀರಿತ್ತು. ಗೆದ್ದ ಮಗಳ ತಾಯಿ, ಗೆಲುವನ್ನು ಯಾರಾದರೂ ಕಸಿದುಕೊಂಡಾರೆಂಬ ಹೆದರಿಕೆಯಲ್ಲಿ ನಡುಗುತ್ತಿದ್ದಳು.

ಇಷ್ಟರೊಳಗೆ ಮಗಳ ವಸ್ತಾದರು ಒಬ್ಬರೇ ಮೇಜಿನ ಬಳಿ ಹೋಗಿ, ಕೈ ಹಿಂದೆ ಕಟ್ಟಿ, ಏನೋ ಕೇಳಿ ಬಂದರು. ಬಂದವರು ನಮ್ಮ ಯಾರ ಮುಖವನ್ನೂ ನೋಡದೆ ಅವಳ ಹೆಗಲ ಮೇಲೆ ಕೈಯಿಟ್ಟು, "ನಡೀ ತಂಗಿ, ಆ ಕಡೆ ಸರ್‌ಗೆ ಕೈ ಕೊಟ್ಟು ಬಾ" ಎಂದರು. ಅವಳು ಮೂಗೊರೆಸಿಕೊಂಡು ಹೋಗಿ ಎದುರಿನ ತರಬೇತುದಾರರ ಕೈ ಕುಲುಕಿ ಬಂದಳು. ಅಷ್ಟಾಗುವ ಹೊತ್ತಿಗೆ ಮೆಟ್ಟಿಲಿಳಿದವರಿಗೆ ಮಾಡಲು ಏನೂ ಉಳಿದಿರಲಿಲ್ಲ. ಕುಸ್ತಿ ಆಡಿದವಳೇ ಮುಗಿಯಿತೆಂದು ಹೇಳಿ ಬಂದಿದ್ದಳಲ್ಲ.

ಆದರೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೇಳಿದಳು: "ಅವ್ವಾ, ನಾ ಸೋತೆನೋ, ನನ್ನ ಸೋಲಿಸಿದ್ರೋ?"

ಮುಂದಿನ ಸೀಟಿನಿಂದ ಅವರಪ್ಪನ ಉತ್ತರ ಬಂತು. "ಸೋಲಿಸಿದ್ರು. ಇಂಥಾ ಅನ್ಯಾಯದ ಜಾಗಾಕ್ಕ ಇನ್ನ ಹೋಗೂದು ಬ್ಯಾಡ. ಹತ್ತನೇತ್ತಾ ಬರ್ತೈತಿ, ಓದು." ಮನೆಗೆ ಬಂದರೆ ಅತ್ತೆಯವರು ಅದನ್ನೇ ಎತ್ತಿಕೊಂಡರು. "ನಾ ಮೊದಲ ಹೇಳಿದ್ದೆ" ಎಂಬ ಮಾತಿಗಾಗಿ ಅವರು ನಾಲ್ಕು ವರ್ಷ ಕಾದಿದ್ದರು. ಆಗ ನನಗೆ ನಿಜವಾದ ಭಯವಾಯಿತು. ರೆಫರಿಯ ಎರಡು ಬೆರಳು ಅವಳಿಂದ ಒಂದು ಪದಕವನ್ನು ಕಸಿದುಕೊಂಡಿದ್ದವು. ಮನೆಯವರ ಪ್ರೀತಿಯ ಸಿಟ್ಟು ಕುಸ್ತಿಯನ್ನೇ ಕಸಿಯಲು ಹೊರಟಿತ್ತು.

ತೀರ್ಪು ಕೊಡುವ ಕಷ್ಟ ಹೆಂಗಸರಿಗೆ ಗೊತ್ತಿಲ್ಲದ್ದೇನಲ್ಲ. ಎರಡು ಮಕ್ಕಳಿರುವ ಯಾವ ಮನೆಯಲ್ಲಿ ತಾಯಿ ರೆಫರಿಯಲ್ಲ ಹೇಳಿ? ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ ಪಡಸಾಲೆಯಲ್ಲಿ ಕಿರುಚಾಟ. ಹೋಗಿ ನೋಡಿದರೆ ಒಬ್ಬನ ಕೈಯಲ್ಲಿ ಇನ್ನೊಬ್ಬಳ ಜಡೆ. ಮೊದಲು ಚಿವುಟಿದವರು ಯಾರೆಂಬುದನ್ನು ದೇವರೇ ಬಲ್ಲ. ಆದರೂ ಸಾಸಿವೆ ಸೀಯುವುದರೊಳಗೆ ತೀರ್ಪು ಕೊಡಬೇಕು. ರೆಫರಿಗೂ ಇರುವುದು ಎರಡೇ ಕಣ್ಣು. ಒಬ್ಬಳ ಹೆಗಲು ನೋಡಿದರೆ ಇನ್ನೊಬ್ಬಳ ಹಿಮ್ಮಡಿ ತಪ್ಪುತ್ತದೆ.

"ಕ್ಯಾಮೆರಾ ಇದ್ರ ಈ ಜಗಳನ ಇರ್ತಿರಲಿಲ್ಲ" ಎಂದು ನಮ್ಮ ಮನೆಯವರು ವಾದಿಸಿದರು. ದೊಡ್ಡ ಸ್ಪರ್ಧೆಗಳಲ್ಲಿ ಕ್ಯಾಮೆರಾ ಇದೆ. ತೀರ್ಪು ಒಪ್ಪಿಗೆಯಾಗದಿದ್ದರೆ ತರಬೇತುದಾರರು ಒಂದು ಮೆತ್ತನೆಯ ಸ್ಪಂಜನ್ನು ಮ್ಯಾಟಿನ ಮೇಲೆ ಒಗೆಯುತ್ತಾರೆ. ನಾವು ಪಾತ್ರೆ ತಿಕ್ಕುವ ಸ್ಪಂಜಿನಿಂದ ಜಗಳವನ್ನೂ ತಿಕ್ಕಬಹುದೆಂದು ನನಗೆ ಆಗಲೇ ತಿಳಿದದ್ದು! ಆಗ ವಿಡಿಯೋ ನೋಡಿ ತೀರ್ಮಾನಿಸುತ್ತಾರೆ. ಆದರೆ ಕೇಳಿದವರದು ತಪ್ಪೆಂದಾದರೆ ಎದುರಾಳಿಗೆ ಒಂದು ಅಂಕ ಹೆಚ್ಚಿಗೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಸಾಕ್ಷಿ ಮಲಿಕ್ ಸೊನ್ನೆ–ಐದರಿಂದ ಮೇಲೆದ್ದು ಕಂಚು ಗೆದ್ದಳಲ್ಲ, ಆಗ ಎದುರಿನ ಕಿರ್ಗಿಸ್ತಾನದವರು ಕೊನೆಯಲ್ಲಿ ಹೀಗೆ ಕೇಳಿದ್ದರು. ಅದು ನಿಲ್ಲಲಿಲ್ಲ. ಏಳು–ಐದು ಇದ್ದದ್ದು ಎಂಟು–ಐದಾಯಿತು. ಅದೇ ಒಲಿಂಪಿಕ್ಸ್‌ನ ಕೊನೆಯ ದಿನ ಮಂಗೋಲಿಯಾದ ಹುಡುಗನೊಬ್ಬ ಗೆದ್ದೇಬಿಟ್ಟೆನೆಂದು ಕಡೆಯ ಕ್ಷಣಗಳಲ್ಲಿ ಕುಸ್ತಿ ಬಿಟ್ಟು ಕುಣಿದಾಡಿದ. ಅದಕ್ಕೆ ಎದುರಾಳಿಗೆ ಅಂಕ ಹೋಯಿತು, ಕಂಚೂ ಹೋಯಿತು. ಅವನ ಇಬ್ಬರು ತರಬೇತುದಾರರು ಲೋಕವೆಲ್ಲ ನೋಡುತ್ತಿರುವಾಗ ಬಟ್ಟೆ ಬಿಚ್ಚಿ ಎಸೆದರು. ಒಬ್ಬರಂತೂ ಒಳಚಡ್ಡಿಯ ಮೇಲೆ ನಿಂತರು. ಆ ಚಿತ್ರ ತೋರಿಸಿದಾಗ ಅತ್ತೆಯವರು "ಅಯ್ಯ ಶಿವನ! ಇವ್ರಿಗೆ ಮನ್ಯಾಗ ಹೇಳಾವ್ರು ಕೇಳಾವ್ರು ಇಲ್ಲೇನ?" ಎಂದು ಮುಖ ತಿರುಗಿಸಿದರು. ಕ್ಯಾಮೆರಾ ಹಿಮ್ಮಡಿಯನ್ನು ತೋರಿಸೀತು. ಸಿಟ್ಟಿಗೆ ಅದರಲ್ಲಿ ಮದ್ದಿಲ್ಲ.

ಗರಡಿಯ ಮಕ್ಕಳು ಇದಕ್ಕಿಂತ ಹತ್ತಿರದ್ದನ್ನೇ ನೋಡಿದರು. 2025ರ ಫೆಬ್ರುವರಿಯಲ್ಲಿ ಅಹಿಲ್ಯಾನಗರದಲ್ಲಿ ನಡೆದ ಮಹಾರಾಷ್ಟ್ರ ಕೇಸರಿ ಸ್ಪರ್ಧೆಯಲ್ಲಿ ಹೆಸರಾಂತ ಮಲ್ಲ ಶಿವರಾಜ್ ರಾಕ್ಷೆ ಚಿತ್ ಆದರೆಂದು ರೆಫರಿ ಸಾರಿದರು. ಎರಡೂ ಹೆಗಲು ನೆಲಕ್ಕೆ ಹತ್ತಿರಲಿಲ್ಲವೆಂಬುದು ಅವರ ವಾದ. ವಾದ ಬಿಸಿಯೇರಿ ಅವರು ರೆಫರಿಯನ್ನು ಒದ್ದರು. ಮೂರು ವರ್ಷ ಸ್ಪರ್ಧೆಯಿಂದ ಹೊರಗೆ ಹಾಕುವ ಶಿಕ್ಷೆಯಾಯಿತು. ಗರಡಿಯ ಹುಡುಗನೊಬ್ಬ "ಬರೋಬ್ಬರಿ ಮಾಡ್ಯಾನ" ಎಂದನಂತೆ. ವಸ್ತಾದರು ಬೈಯಲಿಲ್ಲ. "ಹೆಗಲು ಹತ್ತಿತ್ತೋ ಇಲ್ಲೋ, ಈಗ ಯಾರರ ಕೇಳ್ತಾರೇನೋ? ಒದ್ದದ್ದಷ್ಟ ಮಾತಾಡ್ತಾರ. ಅವನ ಮಾತು ಖರೇ ಇದ್ದರೂ ಇರಬಹುದಿತ್ತು, ಆ ಒದಿಕ್ಯಾಗ ಅದೂ ಹೋತು" ಎಂದರಂತೆ. ಮಗಳು ಇದನ್ನು ಬಂದು ಹೇಳಿದಾಗ ನಮ್ಮ ಮನೆಯವರು ಪೇಪರಿನಿಂದ ಮುಖ ಎತ್ತಲಿಲ್ಲ. ಆದರೆ ಪುಟ ತಿರುಗಿಸುವುದನ್ನು ನಿಲ್ಲಿಸಿದ್ದರು.

ಇಷ್ಟಾದರೂ ನನ್ನೊಳಗೆ ಒಂದು ಮುಳ್ಳು ಉಳಿದೇ ಇತ್ತು. ತೀರ್ಪು ಬಂತು, ಸುಮ್ಮನಿರು ಎಂದು ಹೆಣ್ಣುಮಗಳಿಗೆ ಹೇಳುವುದೆಂದರೇನು? ನಮ್ಮ ಅತ್ತೆ ನನಗೆ, ಅವರತ್ತೆ ಅವರಿಗೆ ಹೇಳಿದ್ದೂ ಅದನ್ನೇ ಅಲ್ಲವೆ? ಸಹಿಸಿಕೋ, ಬಾಯಿ ಮುಚ್ಚು, ದೊಡ್ಡವರು ಹೇಳಿದ್ದಾರೆ. ರಿಯೋದಲ್ಲಿ ಗೆದ್ದ ಅದೇ ಸಾಕ್ಷಿ ಮಲಿಕ್ 2023ರಲ್ಲಿ ವಿನೇಶ್ ಫೋಗಟ್, ಬಜರಂಗ್ ಪೂನಿಯಾ ಮೊದಲಾದವರೊಂದಿಗೆ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಕುಳಿತಳು. ಕುಸ್ತಿ ಒಕ್ಕೂಟದ ಆಗಿನ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ರಸ್ತೆಯ ಬದಿಯಲ್ಲಿ ರಾತ್ರಿ ಕಳೆದಳು. ಅಂದು ಅವಳು ಸುಮ್ಮನಿರಬೇಕಿತ್ತೆಂದು ನಾನು ಹೇಳಲಾರೆ.

ಬಹಳ ದಿನ ಯೋಚಿಸಿ ಮಗಳಿಗೆ ಒಂದು ಗೆರೆ ಎಳೆದು ತೋರಿಸಿದೆ. ಗೆರೆಯ ಒಳಗೆ ಅಂಕದ ಜಗಳ. ಅದನ್ನು ಕೇಳುವವರು ವಸ್ತಾದರು, ಕೇಳುವುದು ಆಗಲೇ, ಕೇಳುವುದು ನಿಯಮವನ್ನು. "ಗೆರೆ ದಾಟಿದ್ದನ್ನು ಯಾರು ನೋಡಿದಿರಿ?" ಎನ್ನಬಹುದು, "ಎಷ್ಟು ರೊಕ್ಕ ತಿಂದಿ?" ಎನ್ನಬಾರದು. ಒಬ್ಬನೇ ರೆಫರಿ ಮತ್ತೆ ಮತ್ತೆ ಒಂದೇ ಶಾಲೆಯ ಕಡೆಗೆ ವಾಲುತ್ತಿದ್ದರೆ ಶಾಲೆಯಿಂದ ಸಂಘಟಕರಿಗೆ ಬರೆಯಬೇಕು, ಕಾಗದದ ಮೇಲೆ, ತಾರೀಖು ಹಾಕಿ. ಗಂಟೆಯಾದ ಮೇಲೆ ಕೈ ಕುಲುಕಬೇಕು. ಗೆರೆಯ ಹೊರಗಿನದು ಬೇರೆ. ಯಾರಾದರೂ ಬೇಡದ ಕಡೆ ಮುಟ್ಟಿದರೆ, ಹೊಲಸು ಮಾತಾಡಿದರೆ, ಒಬ್ಬಳನ್ನೇ ಕೋಣೆಗೆ ಕರೆದರೆ ಅದು ರೆಫರಿಯ ತೀರ್ಪಲ್ಲ. ಅಲ್ಲಿ ಗಂಟೆಯಿಲ್ಲ, ಕೈ ಕುಲುಕುವುದೂ ಇಲ್ಲ. ಆಗ ಕೂಗಬೇಕು, ಮೊದಲು ನನ್ನ ಹತ್ತಿರ ಬಂದು ಕೂಗಬೇಕು. ಹಿಮ್ಮಡಿಗಾಗಿ ದಿನವೂ ಕೂಗುವವಳ ದನಿಯನ್ನು ಆ ದಿನ ಯಾರೂ ಕೇಳಲಾರರು ಎಂದೆ. ಅವಳು ತಲೆಯಾಡಿಸಿದಳು. ಎಷ್ಟು ತಿಳಿಯಿತೋ, ಹದಿನಾಲ್ಕರ ವಯಸ್ಸು.

ಬಸ್ಸಿನ ಪ್ರಶ್ನೆಗೂ ಉತ್ತರ ಕೊಡಬೇಕಿತ್ತಲ್ಲ. "ಆ ಎರಡು ಅಂಕದ ಬಗ್ಗೆ ನನಗೂ ಅನುಮಾನ ಐತಿ. ಉಳಿದ ಮೂರು ಅಂಕ ಅಕಿ ದುಡದು ತಗೊಂಡಾಳ. ಅವು ಯಾವು ಅಂತ ನಿನಗ ಗೊತ್ತು" ಎಂದೆ. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದು, ಆಮೇಲೆ ತಾನೇ ಬೆರಳು ಮಡಚಿ ಎಣಿಸಿದಳು.

ಅವಳ ಗರಡಿ ನಿಲ್ಲಲಿಲ್ಲ. ನಿಲ್ಲಿಸಲು ನಾನು ಬಿಡಲಿಲ್ಲ. ಅದಕ್ಕಾಗಿ ಮನೆಯಲ್ಲಿ ಆದ ಮಾತುಕತೆಯನ್ನು ಇಲ್ಲಿ ಬರೆಯುವುದು ಬೇಡ. ವಸ್ತಾದರು ಈಗ ನೆಲದ ಮೇಲೆ ಸುಣ್ಣದಿಂದ ವೃತ್ತ ಬರೆದು, ಕೊನೆಯ ಅರ್ಧ ನಿಮಿಷ ಅಂಚಿನಿಂದ ನಡುವಿಗೆ ತಿರುಗಿ ಬರುವುದನ್ನೇ ನೂರು ಸಲ ಮಾಡಿಸುತ್ತಾರೆ. ರೆಫರಿ ಬೆರಳೆತ್ತುವ ಸಂದೇಹವೇ ಬಾರದಷ್ಟು ನಡುವಿನಲ್ಲಿ ಆಡಬೇಕಂತೆ.

ನಮ್ಮ ಮನೆಯವರು ಫೋನಿನಲ್ಲಿದ್ದ ಆ ಚಿತ್ರವನ್ನು ಇನ್ನೂ ಅಳಿಸಿಲ್ಲ. ಬಂದ ನೆಂಟರಿಗೆಲ್ಲ ತೋರಿಸುತ್ತಾರೆ. ಮೊನ್ನೆ ಅತ್ತೆಯವರೂ ಕನ್ನಡಕ ಏರಿಸಿ ಮತ್ತೊಮ್ಮೆ ನೋಡಿ, "ಖರೇ ಹೇಳ ತಂಗಿ, ಅಕಿ ಕಾಲು ಹೊರಗ ಹೋಗಿತ್ತಿಲ್ಲೋ?" ಎಂದು ಮೊಮ್ಮಗಳನ್ನು ಕೇಳಿದರು.

"ಹೋಗಿತ್ತು ಆಯಿ. ಇನ್ನೊಂದು ರೊಟ್ಟಿ ಹಾಕು, ತಾಲೀಮಿಗೆ ಹೊತ್ತಾತು" ಎಂದಳು ಅವಳು.